ದಿಂಬಿನ ಮೇಲಿನ ಕೊಕ್ಕರೆ

ಮನೆ, ಕಿಟಕಿಯ ಪಕ್ಕದ ಮೇಜು
೧೪ನೇ ತಾರೀಖು, ಮಂಗಳವಾರ, ಸಂಜೆ

ಪ್ರೀತಿಯ "ರೀ" ಅವರಿಗೆ,

ಹೇಗಿದ್ದೀರಿ? ಹಿಮ್ಮಡಿ ನೋವು ಇಳಿದಿದೆಯೇ? ಬಂದರಿನ ತಕ್ಕಡಿಗಳನ್ನೆಲ್ಲ ನಿಂತೇ ಪರೀಕ್ಷೆ ಮಾಡಬೇಕು, ಕೂರಲು ಒಂದು ಸ್ಟೂಲು ಕೂಡ ಕೊಟ್ಟಿಲ್ಲ ಎಂದು ಬರೆದಿದ್ದಿರಿ. ಊರಿನವರ ತೂಕದ ಕಲ್ಲುಗಳನ್ನೆಲ್ಲ ತೂಗಿ ನೋಡುವ ಇಲಾಖೆ ತನ್ನ ಇನ್‌ಸ್ಪೆಕ್ಟರನ್ನು ಆರು ತಿಂಗಳಿಗೆ ಬೇರೆ ಊರಿಗೆ ಹಾಕುವಾಗ ಅವನ ಕಾಲು ಎಷ್ಟು ಭಾರ ತಡೆಯುತ್ತದೆಂದು ನೋಡುವುದಿಲ್ಲ. ಮೆತ್ತನೆಯ ಚಪ್ಪಲಿ ಪಾರ್ಸೆಲ್ ಮಾಡಿದ್ದೆ, ಬಂತೇ? ಬೆಳಗಿನ ಮಾತ್ರೆ ಬೆಳಗ್ಗೆ, ಸಂಜೆಯದು ಸಂಜೆ. ಎರಡನ್ನೂ ಒಟ್ಟಿಗೆ ನುಂಗಿ "ಒಟ್ಟು ತೂಕ ಒಂದೇ ಅಲ್ವಾ" ಅನ್ನಬೇಡಿ. ಊಟದ ವಿಷಯ ಕೇಳುವುದಿಲ್ಲ. ಕೇಳಿದರೆ ಎರಡು ಪುಟ ಬರೆಯುತ್ತೀರಿ, ಅದನ್ನು ಓದಿ ನನಗೂ ಅನ್ನ ಸೇರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಶಾಲೆಯ ಕಚೇರಿಯಲ್ಲಿ ಎಂದಿನಂತೆ ಹಾಜರಿ ಪುಸ್ತಕ, ಎಂದಿನಂತೆ ತಿರುಗದ ಫ್ಯಾನು. ಮನೆಗೆ ಬಂದರೆ ಮಾತಿಗೆ ಯಾರೂ ಇಲ್ಲ, ಹಾಗಾಗಿ ಗೋಡೆಯ ಮೇಲೆ ನೀವು ಕೂಡಿಟ್ಟ ಹನ್ನೊಂದು ಕತ್ತಿಗಳ ಜೊತೆ ಮಾತಾಡುತ್ತೇನೆ. ನಿಮಗಿಂತ ಹೆಚ್ಚು ಕೇಳಿಸಿಕೊಳ್ಳುತ್ತವೆ. "ದೂರದೂರಿನ ಗಂಡ, ಅಂಚೆಯಣ್ಣನಿಗೆ ದಂಡ" ಎಂದು ಮೊನ್ನೆ ಒಂದು ಸಾಲು ಕಟ್ಟಿದೆ. ಅಂಚೆಯವನಿಗೇ ಹೇಳಿದೆ. ಅವನು ನಗಲಿಲ್ಲ.

ನೀವು ಬರೆದಿಟ್ಟು ಹೋದ ಪಟ್ಟಿಯನ್ನು ಒಂದೂ ತಪ್ಪದೆ ಪಾಲಿಸಿದ್ದೇನೆ. ಒಂದನೇ ತಾರೀಖು ಎಲ್ಲ ಅಲಗುಗಳಿಗೂ ತೆಳ್ಳಗೆ ಎಣ್ಣೆ ಹಚ್ಚಿದೆ, ಹತ್ತಿಯ ಕೈಗವಸು ಹಾಕಿಕೊಂಡೇ. ಚರ್ಮದ ಒರೆಯ ಮೂರು ಕತ್ತಿಗಳನ್ನು ಒರೆಯಿಂದ ಹೊರಗೆ ತೆಗೆದು ಬೇರೆ ಮಲಗಿಸಿದ್ದೇನೆ, ಚರ್ಮ ತೇವ ಹೀರಿ ಅಲಗಿಗೆ ತುಕ್ಕು ಹತ್ತಿಸದಿರಲಿ ಎಂದು. ಹಿಡಿಗೆ ಸುತ್ತಿದ ಮೀನಿನ ಚರ್ಮಕ್ಕೆ ಎಣ್ಣೆ ತಾಗಿಸಿಲ್ಲ. ಬೇರೆ ಹೆಂಗಸರು ಗಂಡ ಊರಲ್ಲಿಲ್ಲದಾಗ ಗಿಡಗಳಿಗೆ ನೀರು ಹಾಕುತ್ತಾರೆ. ನಾನು ಹಳೇ ಕಾಲದ ಸೇನಾಧಿಕಾರಿಗಳ ಸೊಂಟದ ಮೇಲಿದ್ದದ್ದಕ್ಕೆ ಆರೈಕೆ ಮಾಡುತ್ತೇನೆ. ಗುಜರಿಯವನು ಹೋದ ವಾರ ಬಾಗಿಲಿಗೆ ಬಂದು ಇನ್ನೊಂದು ಕತ್ತಿ ತೋರಿಸಿದ. ನೀವು ಕಲಿಸಿದಂತೆ ಹಿಡಿಯ ತುದಿಯಲ್ಲಿ ಅಲಗಿನ ಬಾಲ ಬಡಿದು ಕೂರಿಸಿದ ಗುಂಡು ನೋಡಿದೆ. ಅರದ ಗೀರುಗಳಿದ್ದವು, ಅಂದರೆ ಯಾರೋ ಬಿಚ್ಚಿ ಮತ್ತೆ ಕೂರಿಸಿದ್ದಾರೆ. ಅಲಗು ಒಂದು ಕತ್ತಿಯದು, ಹಿಡಿ ಇನ್ನೊಂದರದು. "ಇವರಿಬ್ಬರಿಗೆ ನೀನೇ ಮದುವೆ ಮಾಡಿಸಿದ್ದಲ್ವಾ?" ಎಂದೆ. ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದ. ನೀವಿದ್ದಿದ್ದರೆ ನಿಮ್ಮ ಮಾಮೂಲಿ ಮಾತು ಹೇಳುತ್ತಿದ್ದಿರಿ: "ಕತ್ತಿ ಸುಳ್ಳು ಹೇಳಲ್ಲ ಕಣೇ, ಮಾರೋನು ಹೇಳ್ತಾನೆ." ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ನಿಮ್ಮ ಮುಖ್ಯ ಬೇಡಿಕೆ. "ಇಲ್ಲಿಯ ದಿಂಬು ಇಟ್ಟಿಗೆ. ನನ್ನ ಹಕ್ಕಿ ಗವಸು ಕಳಿಸು, ಅದಿಲ್ಲದೆ ನಿದ್ದೆ ಹತ್ತುತ್ತಿಲ್ಲ" ಎಂದು ಎರಡು ಕಾಗದಗಳಲ್ಲಿ ಬರೆದಿದ್ದೀರಿ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕಸೂತಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಬಟ್ಟೆ ಮೂರು ಸಲ ಸವೆದಿದೆ, ಮೂರು ಸಲವೂ ಹಕ್ಕಿಯ ಚೌಕವನ್ನು ಕತ್ತರಿಸಿ ಹೊಸ ಗವಸಿಗೆ ಹೊಲಿದಿದ್ದೇನೆ, ನಿಮಗೆ ಗೊತ್ತೇ ಆಗಿಲ್ಲ. ಅಷ್ಟು ಕೇಳಿದ ಮೇಲೂ ಕಳಿಸಿಲ್ಲ. ಯಾಕೆ ಎನ್ನುವುದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ, ಕೂತು ಓದಿ. ನಿಂತು ಓದಿದರೆ ಹಿಮ್ಮಡಿ ನೋಯುತ್ತದೆ. ಕೂತು ಓದಿದರೂ ಬೇರೆಲ್ಲೋ ನೋಯಬಹುದು, ಅದಕ್ಕೆ ನನ್ನ ಹತ್ತಿರ ಚಪ್ಪಲಿಯಿಲ್ಲ.

ಹೋದ ಬುಧವಾರ ನಾನು ಕಚೇರಿಯಿಂದ ಬರುವ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ಒಬ್ಬರು ವಯಸ್ಸಾದ ಹೆಂಗಸು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎಪ್ಪತ್ತೊಂಬತ್ತು ವರ್ಷವಂತೆ, ಬೆನ್ನು ಮಾತ್ರ ಅಳತೆ ಪಟ್ಟಿಯಂತೆ ನೆಟ್ಟಗೆ. ಗಡಿಯಾರವನ್ನು ಕೈಗೆ ಕಟ್ಟದೆ ಎದೆಯ ಮೇಲೆ ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದರು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. "ಕತ್ತಿ ಕೂಡಿಸೋ ಅಳತೆಯವರ ಮನೆ ಇದೇನಾಮ್ಮ?" ಎಂದು ಕೇಳಿದರು. ಒಳಗೆ ಬಂದು ಕೂತ ಮೇಲೆ ಚೀಲದಿಂದ ಸಂಗ್ರಾಹಕರ ತ್ರೈಮಾಸಿಕವನ್ನು ತೆಗೆದರು, ನಮ್ಮ ಗೋಡೆಯ ಒಂದು ಕತ್ತಿಯ ಬಗ್ಗೆ ನಿಮ್ಮ ಲೇಖನ ಬಂದದ್ದನ್ನು. ತೆಗೆದ ಕೂಡಲೇ ಆ ಪುಟಕ್ಕೇ ಬಿಚ್ಚಿಕೊಂಡಿತು. ಸಾಲುಸಾಲಿಗೂ ಪೆನ್ಸಿಲಿನ ಗೆರೆ.

ಅವರ ಅಜ್ಜ ಸೇನೆಯಲ್ಲಿ ಅಧಿಕಾರಿಯಾಗಿದ್ದರಂತೆ. ಅವರು ತೀರಿಕೊಂಡಾಗ ದಾದಿಯಮ್ಮನಿಗೆ ಎಂಟು ವರ್ಷ. ಅಜ್ಜನ ಕೋಣೆಯಲ್ಲಿ ತೂಗುತ್ತಿದ್ದ ಕತ್ತಿ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮುರಿದ ಮಂಚದ ಕಬ್ಬಿಣದ ಜೊತೆ ಗುಜರಿಗೆ ಹೋಯಿತು. ಕಳಿಸಿದವರು ಅವರಮ್ಮ. ಆ ಅಮ್ಮ ಸಾಯುವವರೆಗೂ ಅದನ್ನೇ ಹಲುಬಿದರಂತೆ. ಕೆಲಸದಿಂದ ನಿವೃತ್ತರಾದ ಮೇಲೆ ದಾದಿಯಮ್ಮ ಕತ್ತಿ ಕೂಡಿಸುವವರ ಮನೆ ಮನೆ ತಿರುಗಿದ್ದಾರೆ. ಒಂದು ಕಡೆ ಅಡುಗೆ ಮಾಡಲು ಬಂದವರೆಂದುಕೊಂಡು ಹಿತ್ತಲ ಬಾಗಿಲು ತೋರಿಸಿದರಂತೆ. ನಿಮ್ಮ ಲೇಖನದಲ್ಲಿ ಉದ್ದ, ಹಿಡಿಯ ಮುಂದೆ ಕೈ ಕಾಯುವ ಮೂರು ಕಂಬಿಯ ಕಾಪು, ಹಿಡಿಗೆ ಸುತ್ತಿದ ಹಿತ್ತಾಳೆ ತಂತಿಯಲ್ಲಿ ಒಂದು ಸುತ್ತು ಕಡಿದಿರುವುದು, ಎಲ್ಲವೂ ಅವರ ನೆನಪಿಗೆ ಹೊಂದಿತು. ಹೊಂದದ್ದು ಒಂದೇ. ಅದನ್ನು ಕೇಳಲು ಎರಡು ಬಸ್ಸು ಹತ್ತಿ ಬಂದಿದ್ದರು.

ಚೀಲದಿಂದ ಇನ್ನೊಂದು ವಸ್ತು ಬಂತು, ಅಜ್ಜ ಬರೆದ ಒಂದು ಕಾಗದದ ಲಕೋಟೆ. ಅದರ ಹಿಂದೆ ಕೆಂಪು ಅರಗಿನ ಮುದ್ರೆ. ಒಂಟಿಕಾಲಿನಲ್ಲಿ ನಿಂತ ಕೊಕ್ಕರೆ, ಎತ್ತಿದ ಕಾಲಿನ ಉಗುರುಗಳಲ್ಲಿ ಏನೋ ದುಂಡಗಿನದು, ಕೆಳಗೆ ಒಂದರೊಳಗೊಂದು ಹೆಣೆದುಕೊಂಡ, ಅಜ್ಜನ ಹೆಸರಿನ ಮೂರು ಅಕ್ಷರ. "ಅಲಗಿನ ಮೇಲೂ ಇದೇ ಇತ್ತು. ಅಜ್ಜ ನನ್ನ ಬೆರಳು ಹಿಡ್ಕೊಂಡು ಅದರ ಮೇಲೆ ಓಡಿಸೋರು" ಎಂದರು. ಕಾಲಲ್ಲಿರುವುದು ಕಲ್ಲಂತೆ. ಕಾವಲಿಗೆ ನಿಂತ ಕೊಕ್ಕರೆ ಒಂದು ಕಾಲಲ್ಲಿ ಕಲ್ಲು ಹಿಡಿದಿರುತ್ತದೆ, ತೂಕಡಿಸಿದರೆ ಕಲ್ಲು ಬಿದ್ದು ಸದ್ದಿಗೆ ಎಚ್ಚರವಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದರಂತೆ.

ರೀ, ಆ ಹಕ್ಕಿ ನನಗೆ ಗೊತ್ತು. ನೀವಿದ್ದಾಗ ದಿನಾ ಬೆಳಗ್ಗೆ ದಿಂಬಿನ ಮೇಲೆ ಅದಕ್ಕಂಟಿದ ನಿಮ್ಮ ಕೂದಲು ಕೊಡವುತ್ತಿದ್ದೆ. ಆದರೆ ಮುದ್ರೆಯ ಕೊಕ್ಕರೆ ಬಲಕ್ಕೆ ಮುಖ ಮಾಡಿದೆ, ನಮ್ಮದು ಎಡಕ್ಕೆ. ಅದರ ಕಾಲಲ್ಲಿ ಕಲ್ಲು, ನಮ್ಮದರ ಕಾಲಲ್ಲಿ ಕೆಂಪು ದಾರದ ಮೊಗ್ಗು. ಅಕ್ಷರಗಳಂತೂ ನಮ್ಮದರಲ್ಲಿ ಇಲ್ಲವೇ ಇಲ್ಲ, ಬರೀ ಬಳ್ಳಿ. ಕೊಕ್ಕರೆಗಳು ಲೋಕದಲ್ಲಿ ಬೇಕಾದಷ್ಟಿವೆ ಎಂದು ಆ ಕ್ಷಣಕ್ಕೆ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಎಷ್ಟು ಬೇಗ ಎಂದರೆ, ನಿಜ ನನಗಾಗಲೇ ಗೊತ್ತಿತ್ತು ಎಂದೇ ಲೆಕ್ಕ.

ಎಡದಿಂದ ಮೂರನೇ ಮೊಳೆಯ ಕತ್ತಿಯನ್ನು ಇಳಿಸಿದೆ. ಕೈಗವಸು ಕೊಡಲು ಹೋದರೆ, "ನಲವತ್ತು ವರ್ಷ ಹಾಕ್ಕೊಂಡಿದ್ದು ಸಾಕು" ಎಂದು ಬೇಡವೆಂದರು. ಒರೆಯೊಂದಿಗೇ ಕತ್ತಿಯನ್ನು ಮಡಿಲ ಮೇಲೆ ಅಡ್ಡಲಾಗಿ ಇಟ್ಟುಕೊಂಡರು. ಆ ಉಕ್ಕಿನ ಒರೆಯ ತುದಿಯಲ್ಲಿ ಸಣ್ಣ ಹಿತ್ತಾಳೆ ತೇಪೆಯಿದೆ, ನೆನಪಿದೆಯಲ್ಲ? ಗುಜರಿಯವನ ಕಿತಾಪತಿ ಎಂದು ನೀವು ಲೇಖನದಲ್ಲಿ ಅದರ ಸುದ್ದಿಯೇ ಎತ್ತಲಿಲ್ಲ. ಗೋಡೆಯ ಕಡೆಗೆ ತಿರುಗಿಸಿಯೇ ನೇತು ಹಾಕಿದ್ದೀರಿ. ದಾದಿಯಮ್ಮನ ಮಡಿಲಲ್ಲೂ ಆ ಮಗ್ಗುಲು ಕೆಳಗೇ ಇತ್ತು. ಅವರು ತಿರುಗಿಸಿ ನೋಡಲಿಲ್ಲ. ಹೆಬ್ಬೆರಳು ಒರೆಯ ಅಡಿಗೆ ಹೋಯಿತು, ನೇರವಾಗಿ ತೇಪೆಯ ಮೇಲೆ ನಿಂತಿತು, ಅಲ್ಲೇ ಉಳಿಯಿತು. ಆಮೇಲೆ ಅಲಗನ್ನು ಎಳೆದು ನೋಡಿದರು. ನಡುವೆ ಒಂದು ಅಂಗೈ ಅಗಲ ಏನೂ ಇಲ್ಲ. "ಇಲ್ಲಿದ್ದ ಹೆಸರನ್ನ ಬೇಕು ಅಂತಲೇ ಅಳಿಸಿದ್ದಾ? ತಾನಾಗಿ ಸವೆದಿರೋಕಾಗಲ್ವಾ?" ಎಂದು ನನ್ನನ್ನು ಕೇಳಿದರು.

ನಿಮ್ಮ ವಾದವನ್ನು ನಿಮಗೇ ನೆನಪಿಸುವುದು ಅಧಿಕಪ್ರಸಂಗ. ಆದರೂ ಕೇಳಿ. ಶಾಂತಿಕಾಲದಲ್ಲಿ ಅಧಿಕಾರಿಗಳ ಕತ್ತಿ ಮೊಂಡು, ಯುದ್ಧಕ್ಕೆ ಹೊರಡುವಾಗಲೇ ಸಾಣೆ ಹಿಡಿಸುತ್ತಿದ್ದರು. ಈ ಕತ್ತಿಯ ಮೊನೆಯ ಕಡೆ ಒಂದಡಿ ಸಾಣೆ ಕಂಡಿದೆ, ಹಾಗಾಗಿ ಇದರ ಒಡೆಯ ಯುದ್ಧಕ್ಕೆ ಹೋದವನು. ಅಲಗಿನ ಬುಡದಲ್ಲಿ ತಯಾರಕನ ಗುರುತು ಉಳಿದಿದೆ, ಮೊನೆಯ ಹತ್ತಿರ ಆಮ್ಲದಿಂದ ಕೊರೆದ ಬಳ್ಳಿ ಉಳಿದಿದೆ. ಹೋಗಿರುವುದು ನಡುವೆ ಹೆಸರಿನ ಜಾಗ ಮಾತ್ರ. ತುಕ್ಕು ಹಾಗೆ ಆರಿಸಿ ತಿನ್ನುವುದಿಲ್ಲ. ಅಂದಮೇಲೆ ಯಾರೋ ಗುರಿಯಿಟ್ಟು ಉಜ್ಜಿದ್ದಾರೆ. ಯುದ್ಧಕ್ಕೆ ಹೋದವನ ಹೆಸರನ್ನು ಉಜ್ಜಿ ತೆಗೆಯಬೇಕಾದರೆ ಅವನು ಬೆನ್ನು ತೋರಿಸಿ ಓಡಿಬಂದವನೇ ಇರಬೇಕು. ಕತ್ತಿ ಕೂಡಿಸುವವರ ಭಾನುವಾರದ ಕೂಟದಲ್ಲಿ ಇದನ್ನು ಓದಿದಾಗ ಚಪ್ಪಾಳೆ ಬಿತ್ತು, ಆವತ್ತು ಎರಡು ತುತ್ತು ಹೆಚ್ಚಿಗೆ ಉಂಡಿರಿ. ಲೇಖನವನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಕೊಟ್ಟವಳು ನಾನು. ತಲೆಬರಹ ಹೊಳೆಯುತ್ತಿಲ್ಲ ಎಂದು ನೀವು ಒದ್ದಾಡುತ್ತಿದ್ದಾಗ ಒಗ್ಗರಣೆ ಹಾಕುತ್ತಲೇ ಕೊಟ್ಟವಳೂ ನಾನೇ: "ಉಜ್ಜಿಹೋದ ಹೆಸರು, ಲಜ್ಜೆಗೆಟ್ಟ ಉಸಿರು." ಎಷ್ಟು ಖುಷಿಪಟ್ಟಿದ್ದೆ ಆ ಎರಡು "ಜ್ಜ"ಗಳಿಗೆ.

ದಾದಿಯಮ್ಮ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: "ನಮ್ಮವರು ಹಾಗೇ ಬರೆದಿದ್ದಾರೆ." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನೋಡಿ. ಅವರು ನನ್ನ ತಲೆಬರಹವನ್ನು ಪುಸ್ತಕ ನೋಡದೆ ಹೇಳಿದರು. "ಚೆನ್ನಾಗಿದೆ. ಒಂದು ಸಲ ಓದಿದ್ರೆ ಮರೆಯೋ ಹಾಗಿಲ್ಲ" ಎಂದರು. ಆಮೇಲೆ ಕತ್ತಿಯನ್ನು ಒರೆಗೆ ಸೇರಿಸಿ ನನ್ನ ಕೈಗಿಟ್ಟು, "ಇದಲ್ಲ ಬಿಡಮ್ಮ. ನಮ್ಮಜ್ಜನದು ಇದಲ್ಲ" ಎಂದರು. ಇಂಥದ್ದೇ ಬೇರೆ ಕತ್ತಿ ಎಲ್ಲಾದರೂ ಕಂಡರೆ ತಿಳಿಸಿ ಎಂದು ವಿಳಾಸದ ಚೀಟಿ ಕೊಟ್ಟರು, ಮರ್ಯಾದೆಗೆ. ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲು ಕೂಡಿಸಿ ಕೂಡಿಸಿ ಇಳಿದರು. ಬರುವಾಗ ಹಾಗೆ ಹತ್ತಿದ್ದರೋ ಇಲ್ಲವೋ ನಾನು ನೋಡಿರಲಿಲ್ಲ. ಕತ್ತಿ ಅವರಜ್ಜನದೇ ಎಂದು ಅವರಿಗೆ ಗೊತ್ತಾಗಿತ್ತು, ರೀ. ಆ ಹೆಬ್ಬೆರಳನ್ನು ಕಂಡ ನನಗೂ ಗೊತ್ತಾಗಿತ್ತು. ಹೇಡಿಯ ಕತ್ತಿ ನಮ್ಮದೆಂದು ಹೇಳಿಕೊಳ್ಳುವ ಬದಲು ಹುಡುಕಾಟವನ್ನೇ ಕೈಬಿಟ್ಟು ಹೊರಟುಹೋದರು.

ಬಾಗಿಲು ಹಾಕಿದವಳೇ ಮಲಗುವ ಕೋಣೆಗೆ ಹೋಗಿ ನಿಮ್ಮ ದಿಂಬನ್ನು ಎತ್ತಿ ಬೀರುವಿನ ಕನ್ನಡಿಗೆ ಹಿಡಿದೆ. ಕನ್ನಡಿಯೊಳಗೆ ಕೊಕ್ಕರೆ ಬಲಕ್ಕೆ ತಿರುಗಿತು. ಅದರ ಕೆಳಗೆ ನಾನು ಹಸಿರು ದಾರದಲ್ಲಿ ಅಷ್ಟು ಶ್ರದ್ಧೆಯಿಂದ ಹೊಲಿದಿದ್ದ ಬಳ್ಳಿ ಬಳ್ಳಿಯಾಗಿ ಉಳಿಯಲಿಲ್ಲ. ಮೂರು ಅಕ್ಷರ, ಒಂದರ ಹೊಟ್ಟೆಯಲ್ಲಿ ಇನ್ನೊಂದು. ಅರಗಿನ ಮೇಲಿದ್ದವೇ. ದಿಂಬನ್ನು ತಬ್ಬಿಕೊಂಡು ಮಂಚದ ತುದಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಒಲೆಯ ಮೇಲಿಟ್ಟ ಹಾಲು ಸೀದು ವಾಸನೆ ಬಂದಾಗಲೇ ಎದ್ದದ್ದು.

ಈಗ ನೀವು ಕೂತೇ ಇದ್ದೀರಿ ತಾನೆ? ಮದುವೆಯಾಗಿ ಮೂರು ತಿಂಗಳಿಗೆ ನೀವು ಆ ಕತ್ತಿಯನ್ನು ತಂದಿರಿ, ಎರಡನೆಯದು. ತುಕ್ಕು ಹಿಡಿದು ಒಲೆ ಕೆದಕುವ ಸಲಾಕೆಯಂತಿತ್ತು. ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಮಾರನೇ ದಿನವೇ ಹತ್ತು ದಿನದ ತಪಾಸಣೆಗೆ ಹೊರಟುಹೋದಿರಿ, ಸರಿಯಾಗಿ ನೋಡಿಯೂ ಇರಲಿಲ್ಲ. ಬರುವಷ್ಟರಲ್ಲಿ ಥಳಥಳ ಮಾಡಿಟ್ಟು ನಿಮ್ಮನ್ನು ಬೆರಗುಗೊಳಿಸಬೇಕೆಂದು ನನಗೆ ಹುಮ್ಮಸ್ಸು. ಸೀಮೆಎಣ್ಣೆಯಲ್ಲಿ ಒರೆಸಿದಾಗ ಕಪ್ಪಿನಡಿಯಿಂದ ಈ ಹಕ್ಕಿ ಎದ್ದಿತು. ಎಷ್ಟು ಚೆಂದವಿತ್ತೆಂದರೆ, ಹೊಸ ಗವಸಿಗೆ ಇದೇ ಇರಲಿ ಅನ್ನಿಸಿತು. ತೆಳು ಕಾಗದ ಹರಡಿ ಮೆತ್ತನೆ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದೆ. ಗೆರೆಗಳನ್ನು ತಿದ್ದಿ, ಕಾಗದವನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಚಮಚದ ಬೆನ್ನಿನಿಂದ ತಿಕ್ಕಿದೆ. ಕಸೂತಿಯವರೆಲ್ಲ ಮಾಡುವುದು ಹಾಗೆಯೇ. ಹೂವು ಬಳ್ಳಿ ಎಡಬಲವಾದರೆ ಯಾರು ಕೇಳುತ್ತಾರೆ? ಅಕ್ಷರ ಎಡಬಲವಾದರೆ ಅಕ್ಷರವಾಗಿ ಉಳಿಯುವುದಿಲ್ಲ ಎಂದು ಬಿ.ಎ. ಮಾಡಿದವಳಿಗೂ ಹೊಳೆಯಲಿಲ್ಲ. ಅಲಗಿನ ಮೇಲೆಯೂ ಅವನ್ನು ನಾನು ಬಳ್ಳಿಯೆಂದೇ ನೋಡಿದ್ದೆ.

ಅಚ್ಚು ತೆಗೆಯುವಾಗ ಸೀಮೆಎಣ್ಣೆಯ ಒದ್ದೆಗೆ ಮೊದಲ ಕಾಗದ ಹರಿದು, ಹಕ್ಕಿಯಿದ್ದ ಜಾಗಕ್ಕೆಲ್ಲ ಪೆನ್ಸಿಲಿನ ಮಸಿ ಮೆತ್ತಿಕೊಂಡಿತು. ಅದು ಹೋಗಲೆಂದು ಅಲ್ಲೇ ಹೆಚ್ಚು ಉಜ್ಜಿದೆ, ಮೊದಲು ಇಟ್ಟಿಗೆ ಪುಡಿ, ಆಮೇಲೆ ನಿಮ್ಮ ಪೆಟ್ಟಿಗೆಯ ಉಪ್ಪುಕಾಗದ. ಮಸಿ ಹೋಯಿತು. ಅದರ ಜೊತೆ ಹಕ್ಕಿಯೂ ಹೋಯಿತು. ಉಗುರಿನ ದಪ್ಪವೂ ಇಲ್ಲದ ಕೊರೆತ ಅದೆಂದು ನನಗೆ ಯಾರು ಹೇಳಿದ್ದರು? ಹಿಡಿಯ ಕಾಪಿನ ಸಂದಿಗೆ ಬೆರಳು ಹೋಗಲಿಲ್ಲ, ಹಾಗಾಗಿ ತಯಾರಕನ ಗುರುತು ಉಳಿಯಿತು. ಮೊನೆಯ ಕಡೆಗೆ ಬರುವಷ್ಟರಲ್ಲಿ, ಆಗ ನಮ್ಮ ಜೊತೆಗಿದ್ದ ಅತ್ತೆ ಊಟಕ್ಕೆ ಕರೆದರು, ಹಾಗಾಗಿ ಬಳ್ಳಿ ಉಳಿಯಿತು. ಗುರಿಯಿಟ್ಟು ಉಜ್ಜಿದ್ದಾರೆ ಎಂದಿರಲ್ಲ, ಅದು ಮಾತ್ರ ಸರಿ. ನಾನೇ ಗುರಿಯಿಟ್ಟು ಉಜ್ಜಿದ್ದು.

ಅತ್ತೆಗೆ ತೋರಿಸಿ ಅತ್ತೆ. ಅವರು ಅಲಗನ್ನು ಬೆಳಕಿಗೆ ತಿರುಗಿಸಿ ನೋಡಿ, "ಹೇಳ್ಬೇಡ ಕಣೇ. ಹೇಳಿದ್ರೆ ಅವನು ಎರಡು ದಿನ ಊಟ ಬಿಡ್ತಾನೆ, ನಾನು ಹೆತ್ತೋಳು ನೋಡ್ಕೊಂಡಿರೋಕಾಗಲ್ಲ" ಎಂದರು. ನೀವು ಬಂದು ಕೇಳಿದಾಗ ಒರೆಸಿಟ್ಟೆ ಎಂದಷ್ಟೇ ಹೇಳಿದೆ. ಆಗ ನಿಮಗೂ ಕತ್ತಿಯ ವಿದ್ಯೆ ಅಷ್ಟಕ್ಕಷ್ಟೇ. "ಪರವಾಗಿಲ್ಲ, ಮಿಂಚ್ತಿದೆ" ಎಂದಿರಿ. ನೀವು ಭೂತಗನ್ನಡಿ ಹಿಡಿದು ಅಲಗು ಓದಲು ಕಲಿಯುವ ಹೊತ್ತಿಗೆ ವರ್ಷಗಳು ಕಳೆದು ಆ ಮಿಂಚು ಮಾಸಿತ್ತು, ನನ್ನ ಕೆಲಸ ಹಳೆಯ ಕಾಲದವರ ಕೆಲಸದಂತೆ ಕಾಣತೊಡಗಿತ್ತು. ನೀವು "ಓಡಿಬಂದವನು" ಎಂಬ ಕಥೆ ಕಟ್ಟಿದಾಗ ಹೇಳಬೇಕೆಂದು ಬಾಯಿ ತೆರೆದೆ. ಬಾಯಿಂದ ಪ್ರಾಸ ಬಂತು. ಸತ್ತು ಎಷ್ಟೋ ಕಾಲವಾದ ಯಾರೋ ಅಧಿಕಾರಿ, ಅವನಿಗೇನು ನೋವು ಎಂದುಕೊಂಡೆ. ಅವನಿಗೆ ಮೊಮ್ಮಗಳೊಬ್ಬಳು ಇರಬಹುದೆಂದು, ಅವಳು ನಮ್ಮ ಮೆಟ್ಟಿಲ ಮೇಲೆ ಕೂತು ಕಾಯಬಹುದೆಂದು ಅನ್ನಿಸಲೇ ಇಲ್ಲ. ಕತ್ತಿ ಸುಳ್ಳು ಹೇಳಲ್ಲ, ಮಾರೋನು ಹೇಳ್ತಾನೆ ಎನ್ನುತ್ತಿದ್ದಿರಿ. ತಿಕ್ಕಿದವಳ ಬಗ್ಗೆ ನಿಮ್ಮ ಸೂತ್ರದಲ್ಲಿ ಏನೂ ಇರಲಿಲ್ಲ.

ಇನ್ನೊಂದು ಮಾತು. ನಿದ್ದೆ ಹೋಗಬಾರದೆಂದು ಕಲ್ಲು ಹಿಡಿದು ನಿಂತ ಹಕ್ಕಿಯ ಮೇಲೆ ತಲೆಯಿಟ್ಟು ನೀವು ಇಪ್ಪತ್ತೆರಡು ವರ್ಷ ಗೊರಕೆ ಹೊಡೆದಿದ್ದೀರಿ. ನೀವು ಹುಡುಕುತ್ತಿದ್ದ ಹೆಸರು ನಿಮ್ಮ ಕೆನ್ನೆಯಡಿಯಲ್ಲೇ ಇತ್ತು. ಕೆಲವು ದಿನ ಬೆಳಗ್ಗೆ ಅದರ ಗೆರೆ ನಿಮ್ಮ ಕೆನ್ನೆಯ ಮೇಲೆ ಮೂಡಿರುತ್ತಿತ್ತು. ಆಗ ಅದು ಸರಿಯಾದ ದಿಕ್ಕಿಗೇ ಇದ್ದಿರಬೇಕು, ನಾವಿಬ್ಬರೂ ಓದಲಿಲ್ಲ.

ಈಗ ನನ್ನ ಯೋಚನೆ ಹೀಗಿದೆ. ಕತ್ತಿಯನ್ನೂ ಗವಸನ್ನೂ ತೆಗೆದುಕೊಂಡು ದಾದಿಯಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಬೇಕು. ಕತ್ತಿ ಅವರದು, ಅವರಿಗೇ ಕೊಡಬೇಕು. ಅದು ನಿಮ್ಮ ಹನ್ನೊಂದರಲ್ಲಿ ನಿಮಗೆ ಹೆಚ್ಚು ಹತ್ತಿರದ್ದೆಂದು ಗೊತ್ತು. ಹಾಗಾಗಿ ನಿಮ್ಮನ್ನು ಕೇಳದೆ ಹೆಜ್ಜೆ ಇಡಬಾರದೆಂದು ಈ ಕಾಗದ. ಲೇಖನವನ್ನು 'ತಪ್ಪಾಯಿತು' ಎಂದು ಹಿಂದಕ್ಕೆ ತೆಗೆದುಕೊಳ್ಳುವುದು ನಿಮಗೆ ಹಲ್ಲು ಕೀಳಿಸಿಕೊಂಡಂತೆ ಎಂಬುದೂ ಗೊತ್ತು. ಭಾನುವಾರದ ಕೂಟದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಕಾಗದದಲ್ಲೇ ಬೈಯಿರಿ, ಎರಡೂ ಬದಿ ಬರೆಯಿರಿ. ಊಟ ಮಾತ್ರ ಬಿಡಬೇಡಿ, ಅತ್ತೆಯ ಆಣೆ. ಯೋಚಿಸಿ ಉತ್ತರ ಹಾಕಿ, ಅಲ್ಲಿಯವರೆಗೆ ನಾನು ಏನೂ ಮಾಡುವುದಿಲ್ಲ.

ನಿಮ್ಮ ಕೋಣೆಯ ಜೊತೆಗಾರರಿಗೆ ನನ್ನ ನಮಸ್ಕಾರ ಹೇಳಿ, ನಿಮ್ಮ ಗೊರಕೆ ತಡೆದುಕೊಂಡಿರುವುದಕ್ಕೆ ನನ್ನ ಕೃತಜ್ಞತೆಯನ್ನೂ. ಹಿಮ್ಮಡಿಗೆ ಬಿಸಿನೀರು, ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಊಟ, ಇವಿಷ್ಟು ಮರೆಯಬೇಡಿ.

ನಿಮ್ಮ ಕತ್ತಿಗಳಿಗೆ ಎಣ್ಣೆ ಹಚ್ಚುವ,
ನಿಮ್ಮವಳು

ಮರೆತ ಮಾತು: ಇವತ್ತು ಗುರುವಾರ. ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲ, ಏನೂ ಮಾಡುವುದಿಲ್ಲ ಎಂದ ಮಾತು ಆಗಲೇ ಬಿದ್ದುಹೋಗಿದೆ. ಬೆಳಗ್ಗೆ ರಜೆ ಹಾಕಿ ಹೋಗಿಬಂದೆ. ಕತ್ತಿಯನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಏನೆಂದು ಕೇಳಿದ್ದಕ್ಕೆ ಪರದೆಯ ಕಂಬಿ ಎಂದೆ. ದಾದಿಯಮ್ಮನದು ಎರಡನೇ ಮಹಡಿಯಲ್ಲಿ ಒಂದೇ ಕೋಣೆ. ಒಂದನ್ನೂ ಬಿಡದೆ ಹೇಳಿದೆ, ಇಟ್ಟಿಗೆ ಪುಡಿಯಿಂದ ತಲೆಬರಹದವರೆಗೆ. ಅವರು ಬೈಯಲಿಲ್ಲ. ಗವಸನ್ನು ಕೈಗನ್ನಡಿಯಲ್ಲಿ ನೋಡಿದರು, ಬೆರಳನ್ನು ದಾರದ ಮೇಲೆ ಓಡಿಸಿದರು, ಕೊಕ್ಕಿನಿಂದ ಉಗುರಿನವರೆಗೆ, ಮತ್ತೆ ಕೊಕ್ಕಿನಿಂದ. "ಇಷ್ಟು ವರ್ಷ ಇದರ ಮೇಲೆ ನಿನ್ನ ಗಂಡ ಮಲಗ್ತಿದ್ನಾ? ಗೊರಕೆ ಹೊಡೀತಾನಾ?" ಎಂದು ಕೇಳಿದರು. ಹೂಂ ಎಂದೆ. "ನಮ್ಮಜ್ಜನೂ ಹೊಡೀತಿದ್ರು" ಎಂದು ನಕ್ಕರು, ನಗುತ್ತಾ ಇದ್ದವರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಒರೆಯ ತೇಪೆ ಅವರು ಆರು ವರ್ಷದವರಿದ್ದಾಗ ಒರೆಯನ್ನು ಕುದುರೆ ಮಾಡಿಕೊಂಡು ಮೆಟ್ಟಿಲಿಳಿದು ತೂತು ಮಾಡಿದ್ದಕ್ಕೆ ಅಜ್ಜ ಹಾಕಿಸಿದ್ದಂತೆ.

ಕತ್ತಿ ಬೇಡವಂತೆ. "ಎಣ್ಣೆ ಹಚ್ಚೋಕೆ ನನ್ನ ಕೈ ನಡುಗುತ್ತೆ, ನೀನೇ ಹಚ್ತಾ ಇರು. ಗೋಡೆ ಮೇಲೆ ಅಜ್ಜನ ಹೆಸರು ಹಾಕಿ, ತೇಪೆ ಕಾಣೋ ಹಾಗೆ ತಿರುಗಿಸಿ. ನಂಗೆ ಈ ಬಟ್ಟೆ ಸಾಕು" ಎಂದರು. ಕೊಟ್ಟೆ. ಹಾಗಾಗಿ ನಿಮ್ಮ ಹಕ್ಕಿ ಗವಸು ಬರುವುದಿಲ್ಲ. ಬರುವಾಗ ಬಿಳಿ ಬಟ್ಟೆ ತನ್ನಿ, ಬೇರೇನಾದರೂ ಹೊಲಿಯುತ್ತೇನೆ. ಕೊಡುವ ಮೊದಲು ಆ ಕೆಂಪು ಮೊಗ್ಗನ್ನು ಬಿಚ್ಚಿ ಬೂದು ದಾರದಲ್ಲಿ ಕಲ್ಲು ಹೊಲಿದುಕೊಡುತ್ತೇನೆ ಎಂದಿದ್ದೆ. ಬೇಡ ಎಂದರು. "ಅಷ್ಟು ಕಾಲ ಕಲ್ಲು ಹಿಡ್ಕೊಂಡು ನಿಂತಿದ್ದು ಸಾಕು. ಮೊಗ್ಗೇ ಇರ್ಲಿ."

ಅವರು ಕೇಳಿಕೊಂಡದ್ದು ಇನ್ನೊಂದೇ: ಲೇಖನದ ತಿದ್ದುಪಡಿ ಬರುವ ಸಂಚಿಕೆಯಲ್ಲೇ ಅಚ್ಚಾಗಲಿ, ಅದರ ಮುಂದಿನದಕ್ಕೆ ಕಾಯುವ ವಯಸ್ಸು ತಮ್ಮದಲ್ಲ ಎಂದು. ಬಸ್ಸಿನಲ್ಲೇ ಬರೆದೆ, ಇದರ ಜೊತೆ ಇಟ್ಟಿದ್ದೇನೆ. ಏಳು ಸಾಲು. ಎಲ್ಲೂ ಪ್ರಾಸವಿಲ್ಲ, ಹುಡುಕಬೇಡಿ. ನನ್ನ ಸಹಿ ಹಾಕಿದ್ದೇನೆ. ಅದರ ಪಕ್ಕದಲ್ಲಿ ನಿಮ್ಮದಕ್ಕೆ ಜಾಗ ಬಿಟ್ಟಿದ್ದೇನೆ.